ಕಾರಣ ಕೇಳದ ಗೆಳತಿ

೧೯೬೩ರ ಬೇಸಿಗೆ. ನಾನು ಮರವಂತೆಯ ಶಾಲೆಯಲ್ಲಿ ಟೀಚರ್. ನನ್ನ ಚೊಚ್ಚಲ ಮಗು, ಇನ್ನೂ ಅಂಬೆಗಾಲಿಕ್ಕುತ್ತಿದ್ದ ಗಂಡು, ಜ್ವರ ಬಂದು ತೀರಿಕೊಂಡಿತು. ಅಳುವುದಕ್ಕಾದರೂ ಪುರುಸೊತ್ತು ಬೇಡವೇ? ಮಾತಾಡಿಸಲು ಬಂದವರೆಲ್ಲ ಕಾರಣ ಹುಡುಕುವವರೇ. ಒಬ್ಬರು ನಾಗದೋಷ ಎಂದರು. ಬಸುರಿಯಾಗಿದ್ದಾಗ ಮುಸ್ಸಂಜೆ ಹೊಳೆ ದಾಟಿದ್ದೇ ತಪ್ಪು ಎಂದರು ಇನ್ನೊಬ್ಬರು. ನೆರೆಮನೆಯ ಗಿರಿಜಕ್ಕನಂತೂ, "ಶಾಲಿ ಶಾಲಿ ಅಂದೇಳಿ ಓಡ್ತಿದ್ದೆ, ಶಿಶುಗೆ ಹಾಲ್ ಸಮ ಕೊಡ್ಲಿಲ್ಲ ನೀನ್" ಎಂದು ಮುಖಕ್ಕೇ ಹೇಳಿಬಿಟ್ಟರು. ಅತ್ತೆ ಎಲ್ಲದಕ್ಕೂ ಹೂಂಗುಟ್ಟಿದರು. ಕೇಳಿ ಕೇಳಿ, ಮಗುವನ್ನು ಕೊಂದವಳು ನಾನೇ ಎಂದು ನನಗೂ ಅನ್ನಿಸತೊಡಗಿತು. ಬಡಿಸಿದ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದೆ.

ಆಗ ಬ್ರಹ್ಮಾವರದಿಂದ ಸುಗುಣ ಬಂದಳು. ಮದುವೆಗೆ ಮುಂಚೆ ನಾವಿಬ್ಬರೂ ಅಲ್ಲಿ ಒಂದೇ ಶಾಲೆಯಲ್ಲಿ ಟೀಚರ್ ಆಗಿದ್ದವರು. ಕ್ರಿಶ್ಚಿಯನ್ ಎಂದು ಅತ್ತೆ ಅವಳಿಗೆ ಜಗಲಿಯಲ್ಲೇ ಚಾಪೆ ಹಾಸಿದರು. ನನಗೆ ನಾಚಿಕೆಯಾಯಿತು. ಅವಳು ನನ್ನ ಕೈ ಒಮ್ಮೆ ಹಿಡಿದುಕೊಂಡಳು, ಅಷ್ಟೆ. ಮಳೆಗಾಲಕ್ಕೆ ಮುಂಚೆ ಮನೆಯ ಮಾಡಿಗೆ ಹೊದಿಸಲೆಂದು ನೆನೆಹಾಕಿ ತೆಗೆದ ತೆಂಗಿನ ಗರಿಗಳ ಮಡಲು ಅಂಗಳದಲ್ಲಿತ್ತು. ಅಲ್ಲಿಗಿಳಿದು, ಒಂದನ್ನು ನೆರಳಿಗೆ ಎಳೆದುಕೊಂಡು ಹೆಣೆಯಲು ಕೂತಳು. ನಾನೂ ಅವಳ ಪಕ್ಕ ಕೂತೆ. ಮಧ್ಯಾಹ್ನವಿಡೀ ಹೆಣೆದೆವು. ಏನಾಯಿತು, ಹೇಗಾಯಿತು ಎಂದು ಒಂದು ಮಾತೂ ಕೇಳಲಿಲ್ಲ ಪುಣ್ಯಾತ್ಗಿತ್ತಿ. ನಾನು ಅತ್ತಾಗ ಅವಳೂ ಅತ್ತಳು.

ಕೊನೆಗೆ ಅತ್ತೆಗೇ ತಡೆಯಲಾಗಲಿಲ್ಲ. "ಟೀಚರ್ರೇ, ಎಲ್ರೂ ಒಂದೊಂದ್ ಹೇಳ್ತ್ರ್. ನಿಮ್ ಶಾಸ್ತ್ರದಲ್ಲ್ ಇದಕ್ಕೆ ಎಂತ ಕಾರಣ ಹೇಳ್ತ್ರ್?"

"ಕಾರಣ ನಂಗೊತ್ತಿಲ್ಲ ಅಮ್ಮ" ಎಂದಳು ಸುಗುಣ. "ಬೈಬಲಿನಲ್ಲಿ ಯೋಬ ಅಂತ ಒಬ್ಬ ಒಳ್ಳೇ ಮನುಷ್ಯ. ಅವನ ಮಕ್ಕಳೆಲ್ಲ ಒಂದೇ ದಿನ ಸತ್ರು. ಮೈಯೆಲ್ಲ ಹುಣ್ಣಾಯ್ತು. ಮೂವರು ಸ್ನೇಹಿತರು ಬಂದು, ಒಂದು ವಾರ ಅವನ ಜೊತೆ ನೆಲದಲ್ಲೇ ಸುಮ್ಮನೆ ಕೂತ್ರು. ಅಲ್ಲಿವರೆಗೆ ಒಳ್ಳೇ ಸ್ನೇಹಿತರೇ. ಆಮೇಲೆ ಬಾಯಿ ಬಿಟ್ರು ನೋಡಿ, ನೀನೇ ಏನೋ ತಪ್ಪು ಮಾಡಿದ್ದಿ, ಒಪ್ಪಿಕೋ ಅಂತ ಶುರು ಮಾಡಿದ್ರು. ಕಡೆಗೆ ದೇವರಿಗೆ ಸಿಟ್ಟು ಬಂದದ್ದು ಹಾಗೆ ಬುದ್ಧಿ ಹೇಳಿದವರ ಮೇಲೆ."

ಅತ್ತೆ ತಟ್ಟನೆ ಒಳಗೆ ಹೋದರು. ಇವರಿಗೂ ಸಿಟ್ಟು ಬಂತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೆಲ್ಲದ ಕಾಫಿ ತಂದು ನಮ್ಮಿಬ್ಬರ ಮುಂದಿಟ್ಟು, ತಾವೂ ಒಂದು ಮಡಲು ಹಿಡಿದು ಪಕ್ಕದಲ್ಲಿ ಕೂತರು.

ಅಷ್ಟರಲ್ಲಿ ಗಿರಿಜಕ್ಕ ಬಂದರು. "ಹ್ವಾಯ್, ಹಾಲಾಡಿ ಬದಿಯಗೆ ಒಬ್ರ್ ಜೋಯ್ಸ್ರ್ ಇದ್ರ್ ಅಂಬ್ರ್. ಯಾರ್ ತಪ್ಪ್ ಅಂದೇಳಿ ಸಮ ಹೇಳ್ತ್ರ್..."

ಅತ್ತೆ ತಲೆ ಎತ್ತಲಿಲ್ಲ. "ಗಿರಿಜಾ, ಸುಮ್ನೆ ಕೂಕಂಬುದಾರೆ ಕೂಕೋ. ಇಲ್ದಿರೆ ಮನಿಗ್ ಹೋಗ್. ನಮ್ ಹೆಣ್ಣ್ ಎಂತ ತಪ್ಪೂ ಮಾಡ್ಲಿಲ್ಲ."

ಅಂದು ಸಂಜೆ ಅತ್ತೆ ಬಡಿಸಿದ್ದನ್ನು ನಾನು ಪೂರ್ತಿ ಉಂಡೆ. ಈಗಲೂ ಸಾವಿನ ಮನೆಗೆ ಹೋದರೆ, ಕೈಗೆ ಸಿಕ್ಕಿದ ಕೆಲಸ ಹಿಡಿದು ಕೂರುತ್ತೇನೆ. ಏನಾದರೂ ಹೇಳಬೇಕೆಂದು ನಾಲಿಗೆ ತುರಿಸುತ್ತದೆ. ಸುಗುಣಳಷ್ಟು ಹೊತ್ತು ಸುಮ್ಮನಿರುವುದು ನನಗಿನ್ನೂ ಕಲಿಯಲಾಗಿಲ್ಲ.