ನಾರ್ವೆಯವಳ ಮುಯ್ಯಿ

ಪುಕ್ಕಟೆ ದುಡಿಯಲು ಬಂದವಳಿಗೆ ಕೆಲಸ ಕೊಡಿಸುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ಪಾರಾಗುತ್ತಿದ್ದೆ. ಐವತ್ತರ ದಶಕದ ಮಾತು. ಸೊಲ್ಲಾಪುರದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಾರ್ವೆ ದೇಶದಿಂದ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ನಮ್ಮ ಹಳ್ಳಿಗಳಲ್ಲಿ ಸೇವೆ ಮಾಡುತ್ತೇನೆಂದು ಬಂದಿಳಿದಳು. ಅವಳನ್ನು ಕಳಿಸಿದ ಸೇವಾಸಂಸ್ಥೆಯವರು ಒಂದು ವಾರದ ಗಡುವು ಹಾಕಿದ್ದರು. ಅಷ್ಟರಲ್ಲಿ ಯಾವುದಾದರೂ ಊರು ಅವಳನ್ನು ಇಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಮುಂಬಯಿಯ ಅವರ ಕಚೇರಿಗೆ ಮರಳಿ ಟೈಪು ಹೊಡೆಯಬೇಕು. ಟೈಪು ಹೊಡೆಯಲಿಕ್ಕೆ ಸಮುದ್ರ ದಾಟಿ ಬರಬೇಕಿತ್ತೇ ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಊರು ಹುಡುಕಿಕೊಡಲು ಇಂಗ್ಲಿಷ್ ಬಲ್ಲ ಇವಳಿದ್ದಾಳೆಂದು ನಮ್ಮ ಮುಖ್ಯಾಧ್ಯಾಪಕಿ ನನ್ನತ್ತ ಬೆರಳು ತೋರಿಸಿದರು.

ಮೊದಲು ಹೋಟಗಿಗೆ ಹೋದೆವು. ಸ್ಟೇಶನ್ನಿನ ಹತ್ತಿರದ ರೈತರ ಮನೆಯೊಂದರಲ್ಲಿ ಕಂಬಳಿ ಹಾಸಿದರು, ಚಹಾ ಕೊಟ್ಟರು, ಕುಂಕುಮ ಹಚ್ಚಿದರು, ಓಣಿಯವರನ್ನೆಲ್ಲ ಕರೆದು ತೋರಿಸಿದರು. ಕೆಲಸದ ಮಾತೆತ್ತಿದೊಡನೆ ಮನೆಯಾಕೆ ನನ್ನ ಕಿವಿಯ ಹತ್ತಿರ ಬಾಗಿ, "ಯಾಕ್ರೀ ಬಾಯಾರ, ಮನ್ಯಾಗ ಜಗಳಾ ಮಾಡ್ಕೊಂಡ ಬಂದಾಳೇನ್ರಿ?" ಎಂದಳು. ನಮ್ಮ ಕಡೆ ಸಾಲೆಯ ಮಾಸ್ತರತಿಯರೆಲ್ಲ ಬಾಯಾರೇ. ಆಕೆ ಏನಂದಳು ಎಂದು ಹುಡುಗಿ ಕೇಳಿದಳು. ನಿನ್ನ ತಾಯಿತಂದೆ ಸೌಖ್ಯವೇ ಎಂದು ಕೇಳುತ್ತಿದ್ದಾಳೆ ಅಂದೆ. ತೀರ ಸುಳ್ಳೇನೂ ಅಲ್ಲ.

ಮೈಂದರ್ಗಿಯಲ್ಲಿ ಅವಳು ನನ್ನ ಮಾತಿಗೆ ಕಾಯಲೇ ಇಲ್ಲ. ನಾವು ಇಳಿದ ಮನೆಯ ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡು ಅಂಗಳ ಗುಡಿಸತೊಡಗಿದಳು. ಆ ಮನೆಯ ಸೊಸೆ ಓಡಿಬಂದು ಕಸಬರಿಗೆ ಹಿಡಿದಳು. ಇವಳು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಜಗ್ಗಾಟದಲ್ಲಿ ಕಡ್ಡಿಗಳೆಲ್ಲ ಉದುರಿ, ಮೊದಲಿದ್ದ ಕಸ ಎರಡು ಪಟ್ಟಾಯಿತು. "ಪಾವಣೇರ ಕೈಲೆ ಕಸಾ ಹೊಡಸಿದ್ರ ಊರಾಗ ಮಾರಿ ಹ್ಯಾಂಗ ತೋರಸೂದ್ರಿ!" ಎಂದು ಸೊಸೆ ಅಳುವಂತಾದಳು. ಮನೆಗೆ ಬಂದ ಪಾವಣೇರು ನೀರಿನ ತಂಬಿಗೆ ಕೂಡ ತಾವೇ ಎತ್ತಬಾರದು. ಅದು ನಮ್ಮ ಸೀಮೆಯ ಮರ್ಯಾದೆ. ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಹೋಳಿಗೆ ಮಾಡಿ ಬಡಿಸಿದರು.

ಹೀಗೆ ಊರೂರು ತಿರುಗಿ ಉಂಡದ್ದೇ ಉಂಡದ್ದು. ನನಗೇನೂ ಬೇಸರವಿರಲಿಲ್ಲ. ಆದರೆ ಸೊಲ್ಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಅವಳು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ, ಈ ಕೈಗಳು ಇಲ್ಲಿ ಯಾರಿಗೂ ಬೇಡ ಎಂದಳು. ಆಗ ನನಗೆ ನಿಜವಾಗಿ ಕೆಡುಕೆನಿಸಿತು.

ಗಡುವಿನ ಕೊನೆಯ ದಿನ ಚಪಳಗಾಂವಕ್ಕೆ ಹೋದೆವು. ಜೋಳದ ಸುಗ್ಗಿ ನಡೆದಿತ್ತು. ಹೊಲದಲ್ಲಿ ಸಿಕ್ಕದ್ದು ಕುರಿ ಸಾಕುವ ಮನೆತನದವರು, ಬೀರೋಬಾ ದೇವರ ಒಕ್ಕಲು. ಯಜಮಾನಿ ಒಬ್ಬ ಮುದುಕಿ. ಅವಳ ದನಿ ಆಚೆ ಹೊಲದವರಿಗೂ ಕೇಳುತ್ತಿತ್ತು.

"ಕೂಲಿ ಏನ ಕೊಡಬೇಕ್ರಿ ಇಕಿಗೆ?"

"ಏನೂ ಬ್ಯಾಡಂತ."

"ಹಂಗಾರ ಮುಯ್ಯಾ ಏನು?"

ಇಂದು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲದೆ ಕೆಲಸಕ್ಕೆ ಕೆಲಸ ತೀರಿಸುವ ಈ ಪದ್ಧತಿಗೆ ಅಲ್ಲಿ ಮುಯ್ಯಾ ಎನ್ನುತ್ತಾರೆ. ಮುದುಕಿಗೆ ಒಂದೇ ತೊಡಕು. "ಇಕಿ ಹೊಲಾ ಸಮುದ್ರದಾಚಿ. ನಾ ಅಲ್ಲಿಗೆ ಹೋಗಿ ಹ್ಯಾಂಗ ತೀರಸ್ಲಿ? ಇಕಿ ಭಾರಾ ಹೊತ್ಕೊಂಡ ನಾ ಸಾಯಾಕ ತಯಾರಿಲ್ಲ."

ಬಿಸಿಲಿಗೆ ತಲೆ ಕಾದಿತ್ತು, ತಾಳ್ಮೆ ತೀರಿತ್ತು. "ನಮ್ಮ ಮನಿಗೆ ತೀರಸ್ರಿ! ಆಕಿ ನಮ್ಮ ಮನಿ ಹುಡುಗಿ ಅಂತ ತಿಳೀರಿ" ಎಂದುಬಿಟ್ಟೆ.

"ನಿಮಗ ಹೊಲಾ ಐತೇನ್ರಿ ಬಾಯಾರ?"

"ಇಲ್ಲ. ಗಿರಣಿ ಹಿಂದ ಎರಡ ಖೋಲಿ."

"ಮದಿವಿ ಆಗೇದ?"

"ಇಲ್ಲ."

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾರ ಕೆಲಸಾ ಬರತೈತಿ ಬಿಡ್ರಿ" ಎಂದು ಹುಡುಗಿಯನ್ನು ಸಾಲಿಗೆ ನಿಲ್ಲಿಸಿಕೊಂಡಳು.

ನಮ್ಮ ಕಡೆ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಹುಡುಗಿ ಎರಡೂ ಕೈಯಿಂದ ದಂಟು ಹಿಡಿದು ಜಗ್ಗಿದಳು. ದಂಟು ಅಡ್ಡಕ್ಕೆ ಮುರಿಯಿತು, ಬೇರು ನೆಲದಲ್ಲಿ ಉಳಿಯಿತು, ಇವಳು ಅಂಗಾತ ಬಿದ್ದಳು. ಹೊಲವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮುದುಕಿ ಮಾತ್ರ ಸಿಟ್ಟಾದಳು. "ಏ! ಬೇರ ಅಲ್ಲೇ ಬಿಟ್ಟೀ, ಅದನ್ನ ನಿಮ್ಮಪ್ಪ ಬಂದ ಕೀಳತಾನೇನು?"

ಈ ಸಲ ನಾನು ಏನನ್ನೂ ಮರೆಮಾಚಲಿಲ್ಲ. ನಿನ್ನನ್ನು ಬೈಯುತ್ತಿದ್ದಾಳೆ ಎಂದೆ. ಮೈತುಂಬ ಮಣ್ಣು ಮೆತ್ತಿಕೊಂಡಿದ್ದ ಅವಳ ಮುಖ ಅರಳಿದ್ದನ್ನು ಇಂದಿಗೂ ಮರೆತಿಲ್ಲ. ನಮ್ಮ ಸೀಮೆಗೆ ಬಂದಾಗಿನಿಂದ ಅವಳನ್ನು ಯಾರೂ ಬೈದಿರಲಿಲ್ಲ. ಸುಗ್ಗಿ ಮುಗಿಯುವವರೆಗೆ ಅಲ್ಲೇ ಉಳಿದು, ಅಂಗೈಗೆ ಅರಿವೆ ಸುತ್ತಿಕೊಂಡು, ದಿನಾ ಬೈಸಿಕೊಂಡು ದುಡಿದು ತನ್ನ ದೇಶಕ್ಕೆ ಹೋದಳು.

ಮುಂದಿನ ವರ್ಷ ನನ್ನ ಮದುವೆ ನಿಶ್ಚಯವಾಯಿತು. ತಂದೆ ಇರಲಿಲ್ಲ. ತಮ್ಮನ್ನು ಕೇಳದೆ ವರನನ್ನು ಗೊತ್ತುಮಾಡಿದೆವೆಂದು ಸೋದರಮಾವನ ಮನೆಯವರು ಮುನಿಸಿಕೊಂಡು ಕುಳಿತರು. ಅವರ ಬೆನ್ನಿಗೆ ಉಳಿದ ನೆಂಟರೂ. ಅರಿಷಿಣ ಕುಟ್ಟಲು, ಶಾವಿಗೆ ಹೊಸೆಯಲು ಒಬ್ಬ ಹೆಂಗಸೂ ಬರಲಿಲ್ಲ. ಅವ್ವ ಒಬ್ಬಳೇ ಒನಕೆ ಹಿಡಿದು, ಬಿಕೋ ಎನ್ನುವ ಮನೆಯಲ್ಲಿ ಎಂಥ ಮದುವೆ ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆಗ ಬಾಗಿಲಲ್ಲಿ ಗದ್ದಲ. ಗಂಟು ಹೊತ್ತ ಹೆಂಗಸರ ಹಿಂಡು, ಮುಂದೆ ಚಪಳಗಾಂವದ ಮುದುಕಿ. ಅಕ್ಷತೆಗೆ ಬನ್ನಿರೆಂದು ನಾನು ಪತ್ರಿಕೆ ಕಳಿಸಿದ್ದೇನೋ ನಿಜ. ಅಕ್ಷತೆಗೆ ಇನ್ನೂ ಒಂದು ವಾರವಿತ್ತು.

"ಬಿಳೀ ಹುಡುಗಿ ಮುಯ್ಯಾ ತೀರಸಾಕ ಬಂದೇವಿ" ಎಂದಳು ಮುದುಕಿ.

ಅವ್ವ ಗಾಬರಿಯಾದಳು. "ಅಯ್ಯ, ಪಾವಣೇರು ನೀವು, ಕೂಡ್ರಿ, ಚಾ ಮಾಡ್ತೀನಿ" ಎಂದು ಒನಕೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಮುದುಕಿ ಒನಕೆಗೆ ಕೈಹಾಕಿದಳು. ಮೈಂದರ್ಗಿಯ ಜಗ್ಗಾಟವೇ ನಮ್ಮ ಮನೆಯಲ್ಲಿ ಮತ್ತೊಮ್ಮೆ ನಡೆಯಿತು. ಗೆದ್ದವಳು ಮುದುಕಿ. ನಾನು ನೋಡುತ್ತಲೇ ನಿಂತಿದ್ದೆ.

ಅವಳು ತಿರುಗಿದಳು. "ಏ ಹುಡುಗೀ, ನಿಂತ ಏನ ಕಣ್ಣ ಕಿಸೀತೀ? ಮರಾ ತಾ! ಆಕಿನರ ಪಾಡ ಇದ್ಳು, ದಂಟ ಮುರದರೂ ಸುಮ್ಮ ನಿಂದರತಿದ್ದಿಲ್ಲ."

ಅಲ್ಲಿಯವರೆಗೆ ಬಾಯಾರ, ಬಾಯಾರ ಎನ್ನುತ್ತಿದ್ದವಳು. ನಾನು ಒಳಗೆ ಓಡಿದೆ. ಕಣ್ಣು ಮಂಜಾಗಿ, ಮೊರ ಬಿಟ್ಟು ಹಿಟ್ಟು ನಾದುವ ಪರಾತ ತಂದು ಕೊಟ್ಟೆ. ಅದಕ್ಕೂ ಬೈಸಿಕೊಂಡೆ.