ಹಿಂಗಾರ ಹಿಡಿದ ಕೈ

ಇವರ ಬಲಗೈ ಮೊದಲು ನಡುಗಿದ್ದು ಕುಟುಂಬದ ಮೂಲಮನೆಯಾದ ತರವಾಡಿನ ದೈವದ ಎದುರು.

ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ. ನನ್ನ ಗಂಡ ಶೇಖರ ಗುಡಿಯ ಎದುರು ಕೈ ಇಳಿಬಿಟ್ಟು ನಿಂತಿದ್ದರು. ಬೆರಳು ಅದುರಿತು. ಅದನ್ನು ಕಂಡ ಇವರ ಸೋದರಮಾವ, ಆವೇಶ ಬಂತೆಂದು, ದೈವ ಮೈಮೇಲೆ ಬಂದವರು ಹಿಡಿಯುವ ಹಿಂಗಾರವನ್ನು, ಅಡಿಕೆಯ ಹೂಗೊನೆಯನ್ನು, ಆ ಕೈಗೆ ಕೊಟ್ಟರು. ಮೊದಲು ದೈವ ಮೈಮೇಲೆ ಬರುತ್ತಿದ್ದ ಹಿರಿಯರು ತೀರಿಹೋಗಿ ಆ ಜಾಗ ಖಾಲಿಯಿತ್ತು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಅಂದಿನಿಂದ ಜನ ಇವರನ್ನು ಕೂರಿಸಿ, ತಮ್ಮ ಕಷ್ಟಸುಖ ಹೇಳಿಕೊಂಡು ದೈವದ ಮಾತು ಕೇಳತೊಡಗಿದರು.

ಬದಿಯಡ್ಕದಲ್ಲಿ ಇವರಿಗೆ ಪಂಪಿನ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಿದೆ. ಕ್ರಮೇಣ ಅಲ್ಲಿಯೂ ಕೈ ಅದುರತೊಡಗಿತು, ಸುಮ್ಮನೆ ಕೂತಾಗಲೇ ಹೆಚ್ಚು. ತಾಮ್ರದ ತಂತಿ ನೆಟ್ಟಗೆ ಕೂರುತ್ತಿರಲಿಲ್ಲ. ಅಂಗಿಯ ಬಟನ್ ನಾನು ಹಾಕಬೇಕಾಯಿತು. ಡಾಕ್ಟರಿಗೆ ತೋರಿಸುವ ಎಂದರೆ ಇವರು ಒಪ್ಪಲಿಲ್ಲ.

"ದೈವ ಮುಟ್ಟಿದ ಕೈಗೆ ಡಾಕ್ಟ್ರು ಎಂತ ಮಾಡುವುದು?"

ಕಾಲೂ ಎಳೆಯತೊಡಗಿದ ಮೇಲೆ ನನ್ನ ಜೊತೆ ಮಂಗಳೂರಿಗೆ ಹೊರಟರು.

ಪಾರ್ಕಿನ್ಸನ್ಸ್.

ನನಗೆ ಅಳು ಬರಲಿಲ್ಲ. ನ್ಯೂರಾಲಜಿಸ್ಟ್ ಹೇಳುತ್ತಲೇ ಇದ್ದರು, ನಾನು ಅವರ ಮೇಜಿನ ಪೆನ್ ಸ್ಟ್ಯಾಂಡ್ ನೋಡುತ್ತಿದ್ದೆ. ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಿವೆಯಂತೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕೆಡುವುದೂ ಅದಕ್ಕೊಂದು ಕಾರಣವಂತೆ. ಇವರಿಗೆ ಕೂಡಲೇ ಅರ್ಥವಾಯಿತು.

"ವೋಲ್ಟೇಜ್ ಸಾಲದೆ ಮೋಟಾರ್ ಸುಟ್ಟುಹೋಗುವ ಹಾಗೆ, ಅಲ್ವಾ ಡಾಕ್ಟ್ರೇ?"

"ಹೆಚ್ಚುಕಡಿಮೆ ಹಾಗೆಯೇ. ಆದರೆ ಸತ್ತ ಕೋಶವನ್ನು ರಿವೈಂಡಿಂಗ್ ಮಾಡಲಿಕ್ಕೆ ಆಗುವುದಿಲ್ಲ. ಮಾತ್ರೆ ತಗೊಂಡ್ರೆ ನಡುಕ ಕಡಿಮೆ ಆಗ್ತದೆ."

ಕಡಿಮೆಯಾಗುತ್ತದೆ ಎಂಬುದೇ ಇವರಿಗೆ ಹೆದರಿಕೆ. ಮನೆಗೆ ಬಂದ ಮೇಲೆ ಮಾತ್ರೆ ಮುಟ್ಟಲಿಲ್ಲ.

"ಇದು ತಿಂದು ನಡುಕ ನಿಂತರೆ, ಇಷ್ಟು ಸಮಯ ನನ್ನ ಮೈಮೇಲೆ ಬಂದದ್ದು ಎಂತ? ಜನರಿಗೆ ನಾನು ಹೇಳಿದ್ದೆಲ್ಲ ಎಂತ?"

ನನ್ನೊಳಗೆ ಸಿಟ್ಟಿತ್ತು, ಅದೂ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಮನೆಯ ಜಗಳದ ಹಾಗೆ. ಗಂಜಿ ಬಡಿಸಿದೆ. ಅಂಗಿಗೆ ಚೆಲ್ಲಿಕೊಂಡರು. ಒರೆಸಿದೆ.

ಇವರ ಸೋದರಮಾವನಿಗೆ ನಾನೇ ಫೋನ್ ಮಾಡಿದೆ. ಅವರು ಬಂದು ಅಳಿಯನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ಅದು ಅಲ್ಲಿಯೂ ಅದುರುತ್ತಿತ್ತು.

"ಹಿಂಗಾರ ಕೊಟ್ಟದ್ದು ನಾನು. ತಪ್ಪಾಗಿದ್ದರೆ ದೈವ ನನ್ನನ್ನು ಕೇಳಲಿ. ನೀನು ಮದ್ದು ತಿನ್ನು ಮಾರಾಯ."

ಇವರು ನುಂಗಿದರು.

ಕೆಲವು ವಾರಗಳಲ್ಲಿ ಕೈ ಹಿಡಿತಕ್ಕೆ ಬಂತು. ಸಣ್ಣ ಮೋಟಾರುಗಳನ್ನು ಈಗ ಮತ್ತೆ ಇವರೇ ಸುತ್ತುತ್ತಾರೆ. ಎಷ್ಟು ಕಾಲವೋ ಗೊತ್ತಿಲ್ಲ, ಇಷ್ಟಾದರೂ ಆಯಿತಲ್ಲ ಎಂದುಕೊಳ್ಳುತ್ತೇನೆ.

ಈ ವರ್ಷದ ತಂಬಿಲಕ್ಕೂ ಹೋದೆವು, ಮಾತ್ರೆ ನುಂಗಿಯೇ. ಗುಡಿಯ ಎದುರು ಎಲ್ಲರ ಕಣ್ಣೂ ಆ ಕೈಯ ಮೇಲೆ. ಅದು ಅಲ್ಲಾಡಲಿಲ್ಲ. ಮಾವ ಹಿಂಗಾರವನ್ನು ಮೆಟ್ಟಿಲ ಮೇಲಿಟ್ಟು ಪ್ರಸಾದ ಹಂಚಿದರು.

ಹಿಂದಿರುಗುವಾಗ ಜೀಪಿನಲ್ಲಿ ಮದ್ದಿನ ಬಲ ಇಳಿಯಿತು. ಬೆರಳು ಮತ್ತೆ ಶುರುವಾಯಿತು.

"ನೋಡು, ಈಗ ಬಂತು," ಎಂದು ಇವರು ನಕ್ಕರು.

ಆ ಕೈಗೆ ಈ ಸಲ ಯಾರೂ ಕೈಮುಗಿಯಲಿಲ್ಲ. ನಾನು ಹಿಡಿದುಕೊಂಡೆ.