ರಜೆಯ ದಿನದ ಪಾತ್ರೆಗಳು

ಬೆಳಿಗ್ಗೆ ಹಾಲು ಕಾಯಿಸಿದೆ, ಅಗ್ರಹಾರಕ್ಕೆ ಹೋಗಿ ಹೂವು ತಂದೆ, ಅವರೆಕಾಯಿ ಸುಲಿದೆ, ನಿನ್ನೆಯ ಎಂಜಲು ಪಾತ್ರೆಗಳನ್ನು ಹಿತ್ತಲಿಗೆ ಹಾಕಿದೆ. ನಿನ್ನೆ ಕೆಲಸದ ಜಯಮ್ಮನಿಗೆ ರಜೆ.

ಜಯಮ್ಮ ಅವನ್ನು ತಿಕ್ಕುತ್ತಿದ್ದಾಗ, ಬಿಬಿಎ ಓದುತ್ತಿರುವ ಮಗಳು ಕೆಲಸಗಾರರ ನಿರ್ವಹಣೆಯ ಪ್ರಾಜೆಕ್ಟ್‌ಗೆಂದು ಪ್ರಶ್ನೆಗಳ ಹಾಳೆ ಹಿಡಿದು ಎದುರು ಕುಳಿತಳು. ರಜೆ ಎಷ್ಟು ಎಂದು ಕೇಳಿದಳು.

“ತಿಂಗಳಿಗೆ ಎರಡು ಕೊಡ್ತೀನಿ, ಬರ್ಕೊಳೇ” ಎಂದು ಒಳಗಿನಿಂದ ನಾನೇ ಹೆಮ್ಮೆಯಿಂದ ಕೂಗಿದೆ.

ಜಯಮ್ಮ ನಕ್ಕಳು. “ಕೊಡ್ತಾರೆ ಕಣವ್ವ. ಆದ್ರೆ ಅವತ್ತಿನ ಪಾತ್ರೆನೂ ನಂಗೇ ಎತ್ತಿಟ್ಟಿರ್ತಾರೆ. ಅದುನ್ನ ಏನಂತ ಬರ್ಕೋತೀಯ?”

ಮಗಳು ನನ್ನ ಕಡೆ ನೋಡಲಿಲ್ಲ. ಒಂದೂ ಪದ ಬಿಡದೆ ಬರೆದುಕೊಂಡಳು.

ರಾತ್ರಿ ಮುದ್ದೆ, ಅವರೆಕಾಳು ಸಾರು ಉಂಡೆವು. ಮಗಳು ಮೊದಲು ಮಲಗಿದಳು. ನಾನು ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿ ಮಲಗಿದೆ.